ಅವ್ವನ ಬಾಯಿ ಮುಚ್ಚಿಸಿದ ಪಾದ್ರಿ

ನಿಜಾಮರ ಆಡಳಿತ ಹೋಗಿ ಒಂದೆರಡು ವರ್ಷವಾಗಿತ್ತು. ಲಿಂಗಸುಗೂರಿನ ನಮ್ಮ ಚರ್ಚಿಗೆ ಮೈಸೂರು ಕಡೆಯಿಂದ ಹೊಸ ಪಾದ್ರಿ ಬಂದರು.

ಅಲ್ಲಿಯವರೆಗೆ ನಮ್ಮಲ್ಲಿ ಎಲ್ಲರೂ ಹಾಡುತ್ತಿದ್ದರು. ನನ್ನ ಅವ್ವ ಹೊಲದ ಕೂಲಿಗೆ ಹೋಗುವವಳು, ಓದು ಬಾರದವಳು. ಯೇಸುವಿನ ಕಥೆಯನ್ನು ಬೀಸುವ ಹಾಡಿನ ಧಾಟಿಗೆ ಕೂಡಿಸಿ ಅವಳು ಒಂದು ಸಾಲು ಎತ್ತಿದರೆ ಹೆಂಗಸರೆಲ್ಲ ಸೊಲ್ಲು ಹಿಡಿಯುತ್ತಿದ್ದರು, ಗಂಡಸರು ತಾಳ ಬಾರಿಸುತ್ತಿದ್ದರು. ಸಂತೆಕಲ್ಲೂರಿನಿಂದ ನಡೆದು ಬಂದವರೂ ದಣಿವು ಮರೆತು ದನಿಗೂಡಿಸುತ್ತಿದ್ದರು.

ಹೊಸ ಪಾದ್ರಿ ಬಂದವರೇ ತಾಳ ತೆಗೆಸಿದರು. ಓದಿದ ಮನೆಗಳ ಕೆಲವರನ್ನು ಆರಿಸಿ ಹಾರ್ಮೋನಿಯಂ ಪಕ್ಕ ನಿಲ್ಲಿಸಿ, ಇನ್ನು ಇವರೇ ಹಾಡುವುದು ಎಂದರು. ಶಾಲೆಯಲ್ಲಿ ಕಲಿಸುತ್ತಿದ್ದೆನೆಂದು ನನ್ನನ್ನೂ ಆರಿಸಿದ್ದರು. ಮುಂದಿನ ಭಾನುವಾರ ಅವ್ವ ರೂಢಿಯಂತೆ ದನಿ ಎತ್ತಿದಳು. ಪಾದ್ರಿ ಕೈ ಅಡ್ಡ ಹಿಡಿದರು.

“ಅಮ್ಮಾ, ಇದು ಹೊಲವಲ್ಲ. ಬಾಯಿ ಮುಚ್ಚಿಕೊಂಡು ಕೇಳಿ, ಸಾಕು.”

ಇಡೀ ಸಭೆಯ ಎದುರು! ನನ್ನ ಮೈಯೆಲ್ಲ ಉರಿದುಹೋಯಿತು. ಹಾರ್ಮೋನಿಯಂ ಪಕ್ಕದ ಜಾಗ ಬಿಟ್ಟು ಬಂದು ಅವ್ವನ ಪಕ್ಕ ನೆಲಕ್ಕೆ ಕೂತೆ. ಪಾದ್ರಿ ಕರೆದರು; ನಾನು ಏಳಲಿಲ್ಲ.

ಮನೆಗೆ ಹೋಗುವಾಗ, “ಇನ್ನ ಅಲ್ಲಿ ಕಾಲಿಡಾದು ಬ್ಯಾಡವ್ವಾ” ಎಂದೆ.

“ಯಾಕ ಬಿಡಬೇಕು? ದೇವ್ರು ಅವರಪ್ಪನ ಆಸ್ತಿಯೇನು? ಬಾಯಿ ಮುಚ್ಚಂತ ಹೇಳ್ಯಾನಲ್ಲ, ಮುಚ್ಚೂಣು. ಪೂರಾ ಮುಚ್ಚೂಣು.”

ಆ ವಾರ ಅವ್ವ ಮನೆಮನೆಗೂ, ಹಾಡಲು ಆರಿಸಿದವರ ಮನೆಗಳಿಗೂ ಹೋಗಿ ಬಂದಳು. ಭಾನುವಾರ ಎಲ್ಲರೂ ಬಂದು ಕೂತರು. ಪ್ರಾರ್ಥನೆ ಮುಗಿದಾಗ ಆಮೆನ್ ಎನ್ನಲು ಒಂದು ತುಟಿಯೂ ಅಲುಗಲಿಲ್ಲ. ಪಾದ್ರಿ ಕೀರ್ತನೆಯ ಸಾಲು ಓದಿ ಸಭೆಯ ಉತ್ತರಕ್ಕೆ ಕಾದರು. ಹೊರಗೆ ಹೋಗುತ್ತಿದ್ದ ಬಂಡಿಯ ಸದ್ದಷ್ಟೇ ಕೇಳಿತು.

“ಯಾಕೆ, ಯಾರಿಗೂ ಬಾಯಿಲ್ಲವೇ?”

ಅವ್ವ ಎದ್ದು ನಿಂತಳು. “ನೀವ ಮುಚ್ಚಕೋರಿ ಅಂದೀರಲ್ರೀ. ಆಮೆನ್ ಅನ್ನಾಕ ಬೇಕಾದ ಬಾಯಿ ಹಾಡಾಕ ಯಾಕ ಬ್ಯಾಡ್ರೀ?”

ಪಾದ್ರಿ ಸಭೆಯ ಸಾಲನ್ನೂ ತಾವೇ ಓದಿ ಮುಗಿಸಿದರು. ವಾರಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಬಿಷಪ್ಪರು ಬರುವ ಸುದ್ದಿ ಬಂತು. ಮೂಕ ಸಭೆ ತೋರಿಸುವುದು ಹೇಗೆ? ಪಾದ್ರಿ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, “ಆ ದಿನ ನೀವೆಲ್ಲ ಹಾಡಿ” ಎಂದರು.

“ತಾಳ ತರ್ತೀವ್ರೀ. ಆ ದಿನಕ್ಕಷ್ಟ ಅಲ್ಲ, ಮುಂದೂ” ಎಂದಳು ಅವ್ವ.

“ತನ್ನಿ.”

ಬಿಷಪ್ಪರು ಬಂದ ಭಾನುವಾರ ಚರ್ಚಿನ ತಗಡು ನಡುಗುವಂತೆ ಹಾಡಿದರು. ಬಿಷಪ್ಪರು ಮೆಚ್ಚಿದಾಗ ಪಾದ್ರಿ ನಗುತ್ತಾ, “ಇವರಿಗೆ ಹಾಡಲು ಉತ್ತೇಜನ ಕೊಡುತ್ತಲೇ ಇದ್ದೇನೆ” ಎಂದರು. ನಾನು ತಡೆದುಕೊಳ್ಳಲಿಲ್ಲ.

“ಸುಳ್ಳು! ನಮ್ಮವ್ವಗ ಬಾಯಿ ಮುಚ್ಚು ಅಂದವರು ಇವರಽ.”

ಬಿಷಪ್ಪರು ಪಾದ್ರಿಯ ಮುಖ ನೋಡಿದರು. ಪಾದ್ರಿ ನೆಲ ನೋಡಿದರು.

ತಾಳ ಮತ್ತೆ ಯಾರೂ ತೆಗೆಸಲಿಲ್ಲ. ಆದರೆ ಆ ಮನುಷ್ಯ ಅವ್ವನಿಗೆ ತಪ್ಪಾಯಿತೆಂಬ ಒಂದು ಮಾತು ಹೇಳದೆಯೇ ವರ್ಗವಾಗಿ ಹೋದರು. ಬೀಳ್ಕೊಡುಗೆಯ ದಿನ ಅವ್ವ ಹೋಗಿ ಹಾಡಿ ಬಂದಳು. ನಾನು ಹೋಗಲಿಲ್ಲ.