ದೊಡ್ಡ ಮೇಡಮ್ಮನವರ ಉಸಿರು

ಅವರ ಕೆನ್ನೆಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಬಿಸಿಲಲ್ಲಿ ನಡೆದು ಬಂದಾಗ ಏರಿ ಆಮೇಲೆ ಇಳಿದುಹೋಗುವ ಕೆಂಪಲ್ಲ. ಬೆಳಗ್ಗೆ ಎದ್ದಾಗಲೂ, ನೆರಳಲ್ಲಿ ಸುಮ್ಮನೆ ಕುಳಿತಾಗಲೂ ಇರುತ್ತಿದ್ದ, ಅಂಚಿನಲ್ಲಿ ಸ್ವಲ್ಪ ನೇರಳೆಗೆ ತಿರುಗಿದ ಕೆಂಪು. ಅವರು ಉಡುತ್ತಿದ್ದ ಬಿಳಿ ಸೀರೆಗೆ ಅದು ಇನ್ನಷ್ಟು ಎದ್ದು ಕಾಣುತ್ತಿತ್ತು. ನಮ್ಮ ಶಾಲೆಯ ಆಯಾ ಅದನ್ನು ನೋಡಿ ಹಿಗ್ಗುತ್ತಿದ್ದಳು. “ಆಪ್ರೇಸನ್ ಆದ್ಮೇಲೆ ಅಮ್ಮಾರು ಎಂಗೆ ಮೈತುಂಬ್ಕಂಡು ಕೆಂಪ್ಗಾಗವ್ರೆ ನೋಡ್ರವ್ವ! ಸೇಬಿನಣ್ಣು ಇದ್ದಂಗವ್ರೆ ಕಣ!” ಅನ್ನುತ್ತಿದ್ದಳು. ಹೊಳೆನರಸೀಪುರದ ಅರ್ಧ ಊರು ಅದೇ ಮಾತನ್ನು ಹೇಳುತ್ತಿತ್ತು.

ಅವರು ನಾನು ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್. ಮಕ್ಕಳು ದೊಡ್ಡ ಮೇಡಮ್ಮ ಅನ್ನುತ್ತಿದ್ದರು. ನಾವು ಟೀಚರುಗಳೂ ಹಾಗೇ ಕರೆಯುತ್ತಿದ್ದೆವು. ಚನ್ನರಾಯಪಟ್ಟಣದ ಜೈನರ ಮನೆಯವರು. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡಾಗ, ಕೊಬ್ಬರಿ ವ್ಯಾಪಾರದ ಅಣ್ಣ ಯಾರ ಮಾತನ್ನೂ ಕೇಳದೆ ತಂಗಿಯನ್ನು ಮತ್ತೆ ಓದಿಸಿ ಟೀಚರ್ ಮಾಡಿಸಿದ್ದರು. ನಾನು ಅರಕಲಗೂಡಿನವಳು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಟ್ರಂಕು ಹಿಡಿದು ಆ ಊರಿಗೆ ಬಂದಾಗ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. “ಒಂಟಿ ಹುಡುಗಿ ಎಲ್ಲೆಲ್ಲೋ ರೂಮು ಹುಡುಕಬೇಡ, ನನ್ನ ಮನೇಲಿ ಮುಂದಿನ ಕೋಣೆ ಖಾಲಿ ಇದೆ” ಅಂದರು. ಹಾಗೆ ನಾನು ಅವರ ಮನೆಯವಳಾದೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದನ್ನು ಕಲಿತೆ. ಹಸಿವಾದರೆ ಕಡಲೆಪುರಿ ಡಬ್ಬ ಎಲ್ಲಿದೆ ಅಂತ ಅವರೇ ತೋರಿಸಿಕೊಟ್ಟಿದ್ದರು. “ನೇಮ ನನ್ನದು, ನಿನ್ನ ಹೊಟ್ಟೆಗೇನು ಬಂತು?” ಅನ್ನುವರು.

ನಾನು ಬರುವುದಕ್ಕೆ ಹಿಂದಿನ ವರ್ಷ ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಚಿಕ್ಕವರಿದ್ದಾಗ ಬಂದ ಕೀಲು ಜ್ವರದಿಂದ ಹೃದಯದ ಒಂದು ಕವಾಟ ಅಂಟಿಕೊಂಡು ಕಿರಿದಾಗಿತ್ತಂತೆ. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಪಕ್ಕೆ ಕೊಯ್ದು, ಬಡಿಯುತ್ತಿರುವ ಹೃದಯದೊಳಕ್ಕೆ ಬೆರಳು ತೂರಿಸಿ ಅದನ್ನು ಬಿಡಿಸಿದ್ದರು. ಆ ಕಾಲಕ್ಕೆ ಅದು ನಂಬುವ ಸಂಗತಿಯೇ ಅಲ್ಲ. ಜನ ಅವರನ್ನು ನೋಡಿಹೋಗಲೆಂದೇ ಬರುತ್ತಿದ್ದರು. ಆಪರೇಷನ್ ಆದ ಮೇಲೆ ಕೆಲವು ತಿಂಗಳು ನಿಜಕ್ಕೂ ಚೆನ್ನಾಗಿದ್ದರಂತೆ. ಬೆಳಗೊಳದ ದೊಡ್ಡ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ, ಮೇಲೆ ನಿಂತು ಅತ್ತುಬಿಟ್ಟೆ ಅಂತ ಹೇಳುತ್ತಿದ್ದರು.

ನಾನು ನೋಡಿದ ದೊಡ್ಡ ಮೇಡಮ್ಮ ಬೆಟ್ಟ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಶಾಲೆಯ ಜಗಲಿ ಹತ್ತುವಾಗ ಮಧ್ಯದಲ್ಲಿ ನಿಂತು ಯಾವುದಾದರೊಂದು ಹುಡುಗಿಯನ್ನು ಕರೆದು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುವರು. ಅದು ಅಕ್ಕರೆ ಅಂತ ಎಲ್ಲರೂ ತಿಳಿದಿದ್ದರು. ಉಸಿರು ತಿರುಗಿಸಿಕೊಳ್ಳುವುದಕ್ಕೆ ಅವರು ಹೂಡಿದ ಉಪಾಯ ಅಂತ ನನಗೆ ತಿಳಿಯಲು ಎಷ್ಟೋ ದಿನ ಬೇಕಾಯಿತು. ಉಕ್ತಲೇಖನ ಕೊಡುವಾಗ ಮೊದಲೆಲ್ಲ ಗಂಟೆಯಂಥ ದನಿಯಲ್ಲಿ ತಾವೇ ಓದುತ್ತಿದ್ದವರು, ಈಗ ಹುಡುಗಿಯರ ಕೈಲಿ ಓದಿಸುತ್ತಿದ್ದರು. ಮಲಗುವಾಗ ಹಾಸಿಗೆ ಸುತ್ತಿ ಗೋಡೆಗೆ ಒತ್ತಿ, ಅದಕ್ಕೆ ಒರಗಿ ಕುಳಿತೇ ನಿದ್ದೆ ಮಾಡುವರು.

ವರ್ಷದ ತಪಾಸಣೆಗೆಂದು ಆ ದೊಡ್ಡ ಆಸ್ಪತ್ರೆಗೆ ಹೋದಾಗ ಜನಜಂಗುಳಿಯಲ್ಲಿ ಒಬ್ಬ ಎಳೆಯ ಡಾಕ್ಟರು ಗಾಯ ನೋಡಿ, ಚೆನ್ನಾಗಿ ಕೂಡಿಕೊಂಡಿದೆ, ಮುಂದಿನ ವರ್ಷ ಬನ್ನಿ ಅಂದಿದ್ದರು. ಹೊಳೆನರಸೀಪುರದ ಡಾಕ್ಟರಂತೂ ನನ್ನೆದುರಿಗೇ ಹೇಳಿದರು: “ಅಷ್ಟು ದೊಡ್ಡವರು ಸರಿಯಾಗಿದೆ ಅಂದಮೇಲೆ ಮುಗೀತು. ಇದು ನರದ ವೀಕ್ನೆಸ್ಸು ತಾಯಿ. ಒಂಟಿಯಾಗಿರ್ತೀರಿ, ಮನಸ್ಸಿಗೆ ಹಚ್ಕೋತೀರಿ.” ನಿದ್ದೆಗೊಂದು ಮಿಕ್ಸ್ಚರು ಕೊಟ್ಟು ಕಳಿಸಿದರು.

ಅವರು ಅದನ್ನು ನಂಬಿದರು. ಅವರನ್ನು ಹಿಂಡಿ ಹಾಕಿದ್ದು ಆ ನಂಬಿಕೆ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು ಅಂತ ಬೇಕೆಂದೇ ಬಿರಬಿರನೆ ನಡೆಯುವರು. ನಡೆದು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುವರು. ಒಂದು ಭಾನುವಾರ ಅಕ್ಕಿ ಆರಿಸುತ್ತಾ ಇದ್ದಕ್ಕಿದ್ದಂತೆ ಕೇಳಿದರು: “ನನ್ನ ಸೋದರತ್ತೆಯೊಬ್ಬರಿಗೆ ಬುದ್ಧಿ ಕೆಟ್ಟಿತ್ತು ಕಣೆ. ಮೊದಲು ಹೀಗೇ ಅಂತೆ, ಇಲ್ಲದ್ದು ಇದೆ ಅನ್ನಿಸೋದು. ನನಗೂ ಅದೇನಾ?” ನಾನು ಇಲ್ಲ ಅಂದೆ. ನನ್ನ ಇಲ್ಲಕ್ಕೆ ಯಾವ ಬೆಲೆಯೂ ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಆ ಮಳೆಗಾಲ ಒಂದು ಬೆಳಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಅವರಿಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಆಫೀಸು ಕೋಣೆಗೆ ಹೋದರು. ಹಿಂದೆಯೇ ಹೋದ ನನಗೆ ಸೆರಗಿನ ಮೇಲೆ ತೆಳ್ಳಗೆ ಕೆಂಪು ನೊರೆ ಕಂಡಿತು.

“ಎಲೆ ಅಡಿಕೆ ಹಾಕ್ಕೊಂಡಿದ್ದೆ” ಅಂದರು.

ಅವರು ಎಲೆ ಅಡಿಕೆ ಮುಟ್ಟಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಮುಂದಿನ ರಜೆಗೆ ಅವರಿಗೆ ಹೇಳದೆ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅವರ ಅಣ್ಣ ಮಂಡಿಯಲ್ಲಿ ಕೊಬ್ಬರಿ ರಾಶಿಯ ಪಕ್ಕ ಕುಳಿತಿದ್ದರು. ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ರಕ್ತದ ವಿಷಯ ಹೇಳಿ, ಮೈಸೂರಿನಲ್ಲಿ ಹೃದಯದ ಕಾಯಿಲೆ ನೋಡುವ ಹಿರಿಯ ಡಾಕ್ಟರೊಬ್ಬರಿದ್ದಾರೆ, ಅವರ ಅಭಿಪ್ರಾಯವನ್ನೂ ಕೇಳೋಣ ಅಂದೆ. ಅವರ ಮುಖ ಬಿಗಿಯಿತು.

“ಅಲ್ಲ ಕಣವ್ವ, ಎದೆ ಬಗ್ದು ಜೀವ ಉಳ್ಸವ್ರೆ ಅವ್ರು. ಅವ್ರನ್ನ ಬುಟ್ಟು ಇನ್ನೊಬ್ರ ತಾವ ಓಗಿ, ಅವ್ರು ಮಾಡಿದ್ದು ಸರಿಗಿದ್ದದಾ ನೋಡಿ ಸಾ ಅಂತ ಕೇಳಾದಾ? ಅನ್ನ ಇಕ್ಕಿದ್ ಮನೆ ಮೇಲೆ ದೂರು ಏಳ್ದಂಗೆ ಆಗಾಕಿಲ್ವಾ?”

“ದೂರಲ್ಲ ಅಣ್ಣ. ಅವರಿಗೆ ಉಸಿರು ಸಿಗ್ತಾ ಇಲ್ಲ.”

ಅವರು ಒಂದು ಕೊಬ್ಬರಿ ಬಟ್ಟಲನ್ನು ಎತ್ತಿ ಅದರ ಒಳಗೆ ನೋಡುತ್ತಾ ಕುಳಿತರು. ಆಮೇಲೆ ದನಿ ತಗ್ಗಿಸಿ ಅಂದರು: “ನಂಗೆ ಭಯ ಕಣವ್ವ. ಮೈಸೂರ್ನವ್ರು ಏನೂ ಇಲ್ಲ ಅಂದ್ರೆ ನನ್ ತಂಗೀಗೆ ತಲೆ ಕೆಟ್ಟದೆ ಅಂತಾಯ್ತದೆ. ಐತೆ ಅಂದ್ರೆ... ಇನ್ನೊಂದ್ಸಲ ಆ ಮಂಚದ್ ಮೇಲೆ ಮಲಗಿಸ್ಬುಟ್ಟು ಆಚೆ ಕುಂತ್ಕಳಕ್ಕೆ ನನ್ ಕೈಲಾಗಾಕಿಲ್ಲ.” ಬಸ್ಸಿಗೆ ಹೊರಟವಳನ್ನು ಬೀದಿಯ ತನಕ ಕಳಿಸಲು ಬಂದು, “ಅವ್ಳು ಊಂ ಅಂದ್ರೆ ನಾನೇ ಕರ್ಕಂಡೋಯ್ತೀನಿ” ಅಂದರು.

ಆದರೆ ಅವರು ಊಂ ಅನ್ನಬೇಕಲ್ಲ. ನಾನು ಅಣ್ಣನ ಬಳಿ ಹೋಗಿದ್ದು ತಿಳಿದು ದೊಡ್ಡ ಮೇಡಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಅಡುಗೆಮನೆಯಲ್ಲಿ ಅವರೇ ಶುರು ಮಾಡಿದರು.

“ಆ ಡಾಕ್ಟರ ಬೆರಳು ನನ್ನ ಹೃದಯದೊಳಗೆ ಹೋಗಿ ಬಂದಿದೆ. ಅವರಿಗಿಂತ ಹೆಚ್ಚು ಗೊತ್ತಿರೋರು ಯಾರಿದ್ದಾರೆ ಹೇಳು?”

“ನೀವಿದ್ದೀರಲ್ಲ ಮೇಡಮ್ಮ” ಅಂದೆ. “ಅವರ ಬೆರಳು ಒಂದು ದಿನ ಒಳಗಿತ್ತು. ನೀವು ದಿನಾ ಒಳಗಿದ್ದೀರಿ.”

ಅವರು ಒಲೆಯ ಮುಂದೆ ಊದುಕೊಳವೆ ಹಿಡಿದು ಕುಳಿತಿದ್ದರು. ಊದಲು ಹೋದವರು ನಿಲ್ಲಿಸಿ, ಕೊಳವೆಯನ್ನು ನನ್ನ ಕೈಗೆ ಕೊಟ್ಟರು. “ನೀನೇ ಊದು. ನನ್ನ ಕೈಲಿ ಆಗಲ್ಲ” ಅಂದರು. ಆಗುವುದಿಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಾರನೆಯ ದಿನ ರಜೆಗೆ ಬರೆದರು.

ಮೈಸೂರಿನ ಡಾಕ್ಟರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ದೊಡ್ಡ ಮೇಡಮ್ಮನವರ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, “ಈ ಕೆನ್ನೆ ಎಷ್ಟು ದಿನದಿಂದ ಹೀಗಿದೆ?” ಅಂದರು.

ಅಣ್ಣ ಉಬ್ಬಿಹೋದರು. “ಆಪ್ರೇಸನ್ ಆದ್ಮೇಲೆ ಒಸಿ ಕಮ್ಮಿಯಾಗಿತ್ತು ಸಾ. ಈಗ ತಿರ್ಗಾ ಕಳೆ ಬಂದದೆ.”

“ಕಳೆ ಅಲ್ಲಪ್ಪ ಅದು” ಅಂದರು ಡಾಕ್ಟರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹೇಳಿ ತಾಯಿ, ಮೊದಲಿಂದ ಹೇಳಿ” ಅಂದರು.

ದೊಡ್ಡ ಮೇಡಮ್ಮ ಮೊದಮೊದಲು, ನನ್ನ ಭ್ರಮೆಯೂ ಇರಬಹುದು, ಆಪರೇಷನ್ ಮಾಡಿದವರು ದೇವರಂಥವರು ಅಂತೆಲ್ಲ ಸುತ್ತಿಬಳಸಿದರು. ಡಾಕ್ಟರು ತಡೆಯಲಿಲ್ಲ. ನಿಧಾನವಾಗಿ ಜಗಲಿಯ ಮೆಟ್ಟಿಲು, ಜಡೆ, ಸುತ್ತಿಟ್ಟ ಹಾಸಿಗೆ, ಸೆರಗಿನ ರಕ್ತ ಎಲ್ಲ ಹೊರಬಂದವು. ಅಣ್ಣ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರಿಗೆ ಇದರಲ್ಲಿ ಮುಕ್ಕಾಲು ಪಾಲು ಗೊತ್ತೇ ಇರಲಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಎಡಮಗ್ಗುಲಾಗಿ ಮಲಗಿಸಿ ಕೇಳಿದರು. ಕೋಣೆಯಲ್ಲಿ ನಾಲ್ಕು ಹೆಜ್ಜೆ ಓಡಾಡಿಸಿ ಮತ್ತೆ ಕೇಳಿದರು.

“ಆಪರೇಷನ್ ಚೆನ್ನಾಗಿಯೇ ಆಗಿದೆ” ಅಂದರು ಕೊನೆಗೆ. “ಮಾಡಿದವರದು ತಪ್ಪಿಲ್ಲ. ಆದರೆ ಹಳೆಯ ಜ್ವರ ಒಳಗೊಳಗೇ ಮರುಕಳಿಸಿದೆ. ಬಿಡಿಸಿದ ಬಾಗಿಲು ಮತ್ತೆ ಅಂಟಿಕೊಳ್ತಿದೆ. ಅದರ ಪಕ್ಕದ ಇನ್ನೊಂದು ಕವಾಟವೂ ಕೆಟ್ಟಿದೆ, ಅದಕ್ಕೆ ಬೆರಳು ತೂರಿಸಿ ಪ್ರಯೋಜನ ಇಲ್ಲ. ಹೊರದೇಶದಲ್ಲಿ ಈಗ ಕೃತಕ ಕವಾಟ ಹಾಕೋದಕ್ಕೆ ಶುರು ಮಾಡಿದ್ದಾರೆ. ನಮ್ಮಲ್ಲಿಗೆ ಬರೋದು ಇನ್ನೂ ತಡ.” ಅಣ್ಣನ ಕಡೆ ತಿರುಗಿ, “ಇವರು ಹೇಳಿದ ಒಂದೊಂದು ಮಾತೂ ನಿಜ. ಮನಸ್ಸಿನ ಕಾಯಿಲೆ ಅಂತ ಇನ್ನು ಯಾರೂ ಹೇಳಕೂಡದು” ಅಂದರು.

ಅಣ್ಣ ಗೋಡೆಗೆ ಮುಖ ಮಾಡಿ ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ಅದುವರೆಗೂ ನೋಡಿರಲಿಲ್ಲ. ಆದರೆ ದೊಡ್ಡ ಮೇಡಮ್ಮನವರ ಮುಖದಲ್ಲಿ ಕಂಡದ್ದು ದುಃಖವಲ್ಲ. ಬಹಳ ದಿನ ಹೊತ್ತ ನೀರಿನ ಕೊಡವನ್ನು ಯಾರೋ ಇಳಿಸಿಕೊಂಡ ಹಾಗೆ ಕುಳಿತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅಣ್ಣನ ಕೈ ಹಿಡಿದುಕೊಂಡು ಹೇಳಿದರು: “ಅಳಬೇಡ ಅಣ್ಣ. ಸಾಯೋದಕ್ಕೆ ನಾನು ಅಷ್ಟು ಹೆದರಿರಲಿಲ್ಲ. ಹುಚ್ಚಿ ಆಗಿಬಿಡ್ತೀನಿ ಅಂತ ಹೆದರಿದ್ದೆ.”

ಆಮೇಲೆ ಅವರು ಕೆಲವು ವರ್ಷ ಇದ್ದರು. ಉಪ್ಪು ಬಿಟ್ಟರು, ಮಾತ್ರೆ ನುಂಗಿದರು, ತಿಂಗಳು ತಿಂಗಳು ಪೆನಿಸಿಲಿನ್ ಚುಚ್ಚಿಸಿಕೊಂಡರು. ಊರಿನ ಡಾಕ್ಟರಿಗೆ ಮೈಸೂರಿನ ಅಭಿಪ್ರಾಯ ತಿಳಿಸಿದಾಗ ಅವರು, “ನಾನು ಕೇಳಿಸಿಕೊಳ್ಳಬೇಕಿತ್ತು ತಾಯಿ” ಅಂದರು. ಅಂದಿನಿಂದ ಇಂಜೆಕ್ಷನ್ ಕೊಡಲು ತಾವೇ ಮನೆಗೆ ಬರುತ್ತಿದ್ದರು. ದೊಡ್ಡ ಮೇಡಮ್ಮ ಜಗಲಿಯ ಮಧ್ಯೆ ಒಂದು ಕುರ್ಚಿ ಹಾಕಿಸಿಕೊಂಡು, ಯಾರ ಜಡೆಯ ನೆಪವೂ ಇಲ್ಲದೆ, ಎಲ್ಲರೆದುರು ಕುಳಿತು ಸುಧಾರಿಸಿಕೊಳ್ಳುತ್ತಿದ್ದರು.

ಒಮ್ಮೆ ಏಳನೆಯ ಕ್ಲಾಸಿನ ಹುಡುಗಿಯೊಬ್ಬಳು ಮಂಡಿ ನೋವು ಅಂತ ಡ್ರಿಲ್ಲಿಗೆ ಹೋಗದೆ ಕುಳಿತಳು. ನಮ್ಮಲ್ಲೊಬ್ಬರು, “ನಾಟಕ ಆಡ್ತಾಳೆ ಮೇಡಮ್ಮ, ನಿನ್ನೆ ಮೊಣಕೈ ಅಂದಳು, ಇವತ್ತು ಮಂಡಿ ಅಂತಾಳೆ” ಅಂದರು. ಆ ಮಾತು ಕೇಳಿ ಅವರು ಕುರ್ಚಿಯಿಂದ ಎದ್ದ ರಭಸಕ್ಕೆ ನನಗೇ ಭಯವಾಯಿತು. ಹುಡುಗಿಯ ಹಣೆ ಮುಟ್ಟಿ ನೋಡಿದರು, ಊದಿದ ಮಂಡಿ ನೋಡಿದರು. ಜಟಕಾ ತರಿಸಿ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದೇ ಕೀಲು ಜ್ವರ. ಹೊತ್ತಿಗೆ ಸರಿಯಾಗಿ ಔಷಧಿ ಬಿತ್ತು. ಆ ಹುಡುಗಿ ಮುಂದೆ ನಾಲ್ಕು ಮಕ್ಕಳ ತಾಯಿಯಾಗಿ ದುದ್ದ ಅನ್ನುವ ಊರಿನಲ್ಲಿದ್ದಳು. ನಾನು ಕಂಡಾಗ ತಲೆಯ ಮೇಲೆ ರಾಗಿ ಚೀಲ ಹೊತ್ತು ನಡೆಯುತ್ತಿದ್ದಳು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಾಲು ಊದತೊಡಗಿತು. ಬೇಸಿಗೆ ರಜೆಗೆ ಅಣ್ಣನ ಮನೆಗೆ ಹೋದವರು ತಿರುಗಿ ಬರಲಿಲ್ಲ. ತಂತಿ ಬಂದು ನಾನು ಚನ್ನರಾಯಪಟ್ಟಣ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದರು.

“ಬೆಳಗ್ಗೆ, ‘ಅಣ್ಣ, ಉಸ್ರು ಸಾಲ್ತಿಲ್ಲ’ ಅಂದ್ಲು ಕಣವ್ವ” ಅಂದರು. “ಮೊದ್ಲಾಗಿದ್ರೆ, ‘ಏನಾಗಿಲ್ಲ ಸುಮ್ಕಿರು’ ಅಂತಿದ್ದೆ. ಇವತ್ತು ಅನ್ನಾಕಾಗ್ನಿಲ್ಲ. ‘ಊಂ ಕಣವ್ವ, ನಂಗೊತ್ತು’ ಅಂದೆ. ಬೆನ್ನಿಗೆ ನನ್ ಎದೆ ಕೊಟ್ಟು ಕೂರಿಸ್ಕಂಡೆ. ಅವ್ಳು ಇನ್ನೇನೂ ಕೇಳ್ನಿಲ್ಲ.”