ಸೂರಪ್ಪನ ಸಾವಿರ ಕಿಲೋಮೀಟರು

ಹೊಸ ಎಂಜಿನ್ ಪಳಗಿಸುವುದೆಂದರೆ ಅದನ್ನು ಚಾಲೂ ಮಾಡಿ ಸುಮ್ಮನೆ ಬಿಡುವುದು ಎಂದೇ ಪ್ರದೀಪ ತಿಳಿದಿದ್ದ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಈ ಗುಮಾಸ್ತ, ಸಾಹುಕಾರರ ಬಿಳಿ ಅಂಬಾಸಿಡರಿಗೆ ಪೂಜೆಯಾದ ಮರುದಿನ ಅಂಗಳದಲ್ಲೇ ಅದನ್ನು ಚಾಲೂ ಮಾಡಿ, ಒಳಗೆ ಕೂತು ಪೇಪರು ಓದಿದ. ಮಧ್ಯಾಹ್ನವಾದರೂ ಕಿಲೋಮೀಟರು ಏರಲಿಲ್ಲ. ಮೀಟರು ಕೆಟ್ಟಿದೆಯೆಂದು ಸಾಹುಕಾರರಿಗೆ ವರದಿಯನ್ನೂ ಒಪ್ಪಿಸಿದ. ಪದವೀಧರನಲ್ಲವೇ!

ಡ್ರೈವರ್ ಸೂರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ತಮ್ಮಾ, ಹೋರೀನ ಗೂಟಕ್ಕೆ ಕಟ್ಟಿ ಮೇವು ಹಾಕಿದ್ರೆ ನೊಗ ಕಲೀತೈತೇನೋ? ನಡೆಸ್ಬೇಕು, ಮೆಲ್ಲಗೆ. ಮೊದ್ಲೇ ಹೊರೆ ಹೇರ್ಬಾರ್ದು, ಚಾಟಿ ತೋರಿಸ್ಬಾರ್ದು."

ಸಾವಿರ ಕಿಲೋಮೀಟರು ತುಂಬುವವರೆಗೆ ಸ್ಪೀಡು ಐವತ್ತು ದಾಟಬಾರದು. ತುಂಬಿದೊಡನೆ ಆಯಿಲ್ ಬದಲಿಸಿ, ಬಳ್ಳಾರಿಗೆ ಹೋಗಿ ಬಾಣಂತಿ ಮಗಳನ್ನೂ ಕೂಸನ್ನೂ ಕರೆತರಬೇಕು. ಇದು ಸಾಹುಕಾರರ ಅಪ್ಪಣೆ.

ಇಪ್ಪತ್ತಾರು ವರ್ಷ ಅದೇ ಮಿಲ್ಲಿನ ಲಾರಿ ಓಡಿಸಿದ್ದ ಸೂರಪ್ಪ ಚಪ್ಪಲಿ ಬಿಟ್ಟೇ ಕಾರು ಹತ್ತುತ್ತಿದ್ದ. ದಾರಿಯಲ್ಲಿ ನಿಲ್ಲಿಸಿ, ಕೂಸಿಗೆ ಜ್ವರ ನೋಡುವವನಂತೆ ಬಾನೆಟ್ಟಿನ ಮೇಲೆ ಮುಂಗೈ ಇಡುತ್ತಿದ್ದ. ಮೊಳಕಾಲ್ಮೂರು ಕಡೆ ಶೇಂಗಾ ನೋಡಲು ಹೊರಟಾಗಲೆಲ್ಲ ಪ್ರದೀಪನನ್ನು ಮುಂದೆ, ತನ್ನ ಎಡಕ್ಕೇ ಕೂರಿಸಿಕೊಳ್ಳುತ್ತಿದ್ದ.

"ಎಡಕ್ಕೆ ಏನೈತಪ್ಪಾ?"

"ಕುರಿ ಐತಣ್ಣ."

"ಎಷ್ಟು ದೂರ?"

ತನ್ನನ್ನು ಕೇಳದೆ ಸೂರಪ್ಪ ಸ್ಟೇರಿಂಗೇ ತಿರುಗಿಸುವುದಿಲ್ಲವೆಂದು ಪ್ರದೀಪ ಹೋಟೆಲಿನಲ್ಲಿ ಜಂಬ ಕೊಚ್ಚಿದ.

ಒಂಬೈನೂರ ಮೂವತ್ತನೇ ಕಿಲೋಮೀಟರಿನ ಹೊತ್ತಿಗೆ, ದೇವಸಮುದ್ರದ ಹತ್ತಿರ, ಪ್ರದೀಪನಿಗೆ ಜೋಂಪು ಹತ್ತಿತು. ಹಣೆ ಗಾಜಿಗೆ ಬಡಿದಾಗಲೇ ಎಚ್ಚರ. ಕಾರು ಅಡ್ಡಡ್ಡ ನಿಂತಿತ್ತು. ಎಡಗಡೆಯ ಚಕ್ರದಿಂದ ಮೊಳ ದೂರದಲ್ಲಿ ಕುರಿ ಕಾಯುವ ಕೆಂಚಕ್ಕ ಮರಿಯನ್ನು ತಬ್ಬಿಕೊಂಡು ಕೂತುಬಿಟ್ಟಿದ್ದಳು.

"ಕಣ್ಣು ಎಲ್ಲಿಕ್ಕಿದ್ಯೋ, ನಿನ್ ಬಾಯಿಗೆ ಮಣ್ಣಾಕ! ಇಷ್ಟು ದೊಡ್ಡ ಹೆಂಗ್ಸು ಕಾಣಾಕಿಲ್ವಾ?"

"ಹೊಸಾ ಎಂಜಿನ್ನು ಕಣವ್ವ, ಬ್ರೇಕು ತಡವಾಗಿ ಹಿಡೀತೈತೆ," ಎಂದ ಸೂರಪ್ಪ.

ಎಂಜಿನ್ನಿಗೂ ಬ್ರೇಕಿಗೂ ಸಂಬಂಧವಿಲ್ಲವೆಂದು ಆ ಹೊತ್ತಿಗೆ ಪ್ರದೀಪನಿಗೂ ಗೊತ್ತಿತ್ತು.

ವಾಪಸು ಬರುವಾಗ ಅವನು ಕಣ್ಣು ಮಿಟುಕಿಸಲಿಲ್ಲ. ಮಿಲ್ಲಿನ ಗೇಟಿನ ಮುಂದೆ ಮೀಟರು ಒಂಬೈನೂರ ತೊಂಬತ್ತೆಂಟು ತೋರಿಸುತ್ತಿತ್ತು. ಸೂರಪ್ಪ ಒಳಗೆ ಹೋಗದೆ ಅಲ್ಲೇ ಎಂಜಿನ್ ಆರಿಸಿದ.

"ಎಂಜಿನ್ ಇನ್ನೂ ಬಿಗಿ ಐತೆ, ಇನ್ನೊಂದು ಸಾವಿರ ಬೇಕಂತೆ ಅಂತ ಸಾವ್ಕಾರ್ರಿಗೆ ನೀನೇ ಹೇಳಪ್ಪ. ಓದಿದೋನು, ನಿನ್ ಮಾತು ನಂಬ್ತಾರೆ."

ಹಾಗೆ ಸುಳ್ಳು ಹೇಳಿದರೆ, ಇನ್ನೊಂದು ಸಾವಿರ ಕಳೆದ ಮೇಲಾದರೂ ಕೂಸು ಬರುವುದು ಇದೇ ಸೂರಪ್ಪ ಓಡಿಸುವ ಕಾರಿನಲ್ಲಿ. ನಿಜ ಹೇಳಿದರೆ ಸೂರಪ್ಪನ ಕೈಯಿಂದ ಸ್ಟೇರಿಂಗು ಇವತ್ತೇ ಹೋಗುತ್ತದೆ.

"ಸೂರಪ್ಪಣ್ಣ, ನಿಮ್ ಎಡಗಣ್ಣು ಕಾಣ್ತೈತಾ?"

ಸೂರಪ್ಪ ಬಾಗಿಲು ತೆಗೆದು, ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡ.

"ಇಲ್ಲ. ವರ್ಷ ಆತು. ಇಲ್ದಿದ್ರೆ ನಿನ್ನ ಯಾವನು ಮುಂದೆ ಕೂರಿಸ್ಕಂತಿದ್ದ?"