ಪಾರ್ಕಿಂಗ್ ಲಾಟಿನಲ್ಲಿ ಒಣಗಿದ ಮಾಂಸ

ನಮ್ಮ ಅತ್ತೆ ಮೈಸೂರಿನಿಂದ ಸ್ಯಾನ್ ಡಿಯೇಗೊಗೆ ಬಂದದ್ದು ಆರು ತಿಂಗಳ ಮಟ್ಟಿಗೆ. ಬಂದ ಮೊದಲ ವಾರದಲ್ಲೇ ಅಮೆರಿಕದ ಬಗ್ಗೆ ಅವರ ತೀರ್ಪು ಹೊರಬಿದ್ದಿತ್ತು: ನೀರು ಚೆನ್ನಾಗಿದೆ, ರಸ್ತೆ ಚೆನ್ನಾಗಿದೆ, ಆದರೆ ಇಲ್ಲಿ ಮಕ್ಕಳನ್ನು ಬೆಳೆಸುವುದು ಯಾರಿಗೂ ಗೊತ್ತಿಲ್ಲ. ಕೊನೆಯ ಮಾತನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದರು. ಪ್ರೀತಿ ಉಕ್ಕಿದಾಗ ಅವರ ಬಾಯಲ್ಲಿ ಉರ್ದು ಬರುತ್ತಿತ್ತು, ಬೈಯುವುದಕ್ಕೆ ಕನ್ನಡವೇ ಆಗಬೇಕು. ಹಾಗಾಗಿ ನಾವಿಬ್ಬರೂ ಹೆಚ್ಚಾಗಿ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ನನ್ನ ಮಗಳಿಗೆ ಎರಡೂ ಅರ್ಥವಾಗುತ್ತಿದ್ದವು, ಅಜ್ಜಿಯನ್ನು ಉರ್ದುವಿನಲ್ಲಿ 'ದಾದಿ' ಎಂದು ಕರೆಯುವುದೊಂದು ಬಿಟ್ಟರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಮೊಮ್ಮಗಳ ನಡುವೆ ಇಡೀ ದಿನ ಅನುವಾದ ಮಾಡುವುದು ನನ್ನ ಕೆಲಸ.

ಅದು 2003ರ ಮೇ ತಿಂಗಳು. ಮಗಳು ಆರನೇ ಕ್ಲಾಸಿನಲ್ಲಿದ್ದಳು. ಅಲ್ಲಿಯ ಶಾಲೆಗಳಲ್ಲಿ ಆರನೇ ಕ್ಲಾಸಿನವರನ್ನು ಒಂದು ವಾರ ಬೆಟ್ಟದ ಮೇಲಿನ ಕ್ಯಾಂಪಿಗೆ ಕರೆದೊಯ್ಯುವ ರೂಢಿ. ಹೋಗದವರು ಆ ವಾರ ಚಿಕ್ಕ ಕ್ಲಾಸಿನ ಮಕ್ಕಳ ಜೊತೆ ಲೈಬ್ರರಿಯಲ್ಲಿ ಕೂರಬೇಕು. ಗೆಳತಿಯರ ಮನೆಯಲ್ಲಿ ರಾತ್ರಿ ಉಳಿಯುವುದಕ್ಕೆ ನಾವು ಬಿಟ್ಟಿರಲಿಲ್ಲ, ಈಜುವುದಕ್ಕೂ ಬಿಟ್ಟಿರಲಿಲ್ಲ. ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಅವಳು ಕೇಕ್ ತಿಂದು ಹಂದಿಮಾಂಸದ ಪೆಪರೋನಿ ಪಿಜ್ಜಾ ಬಿಟ್ಟು ಬರುತ್ತಿದ್ದಳು. ಎಲ್ಲದಕ್ಕೂ 'ನಾವು ಅಂಥವರಲ್ಲ' ಅನ್ನುವ ಉತ್ತರ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಇದೊಂದಕ್ಕೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಳು. ನನಗೂ ಕಳಿಸಬೇಕೆಂದೇ ಇತ್ತು. ಇಡೀ ಕ್ಲಾಸು ಬಸ್ಸು ಹತ್ತಿ ಹೋದಮೇಲೆ ಅವಳೊಬ್ಬಳೇ ಲೈಬ್ರರಿಯಲ್ಲಿ ಕೂತಿರುವುದು ನನಗೆ ಬೇಡವಾಗಿತ್ತು.

ಅತ್ತೆಯ ಮುಂದೆ ವಿಷಯ ಎತ್ತಿದ್ದು ನನ್ನ ಗಂಡ. ಎತ್ತಿದವರು ಅದನ್ನು ಅಲ್ಲೇ ನನ್ನ ತಲೆಯ ಮೇಲೆ ಇಟ್ಟು ಸ್ನಾನಕ್ಕೆ ಹೋದರು.

"ಹೆಣ್ಮಗೂನ ಬೆಟ್ಟದ ಮೇಲೆ ಬಿಟ್ ಬರ್ತೀರಾ? ಅಲ್ಲೇನ್ ತಿಂತಾಳೆ? ಹಂದಿ ಬೇಯಿಸಿದ್ ಪಾತ್ರೇಲೇ ಇವಳಿಗೂ ಬಡಿಸ್ತಾರೆ. ತೋಬಾ ತೋಬಾ!"

"ಬ್ರೆಡ್ಡು, ಹಣ್ಣು ಎಲ್ಲಾ ಇರುತ್ತೆ ಅಮ್ಮಿ."

"ವಾರವೆಲ್ಲಾ ಬ್ರೆಡ್ ತಿನ್ನಕ್ಕೆ ಅವಳೇನು ರೋಗೀನಾ? ಆಸ್ಪತ್ರೆಗ್ ಹೋಗ್ತಿದಾಳಾ, ಬೆಟ್ಟಕ್ ಹೋಗ್ತಿದಾಳಾ?"

ಒಂದು ಗಂಟೆ ವಾದವಾಗಿ ಕೊನೆಗೆ ಒಂದು ಶರತ್ತು ಹೊರಬಂತು. ಮನೆಯಲ್ಲಿ ಮಾಡಿದ ಮಾಂಸ ಜೊತೆಗೆ ಹೋದರೆ ಹುಡುಗಿ ಹೋಗಬಹುದು. ಅದು ಹೋಗದಿದ್ದರೆ ಇವಳೂ ಹೋಗುವ ಹಾಗಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಸ್ನಾನ ಮುಗಿಸಿದ ಗಂಡ ತಲೆ ಒರೆಸಿಕೊಳ್ಳುತ್ತಾ ಬಂದು "ಅಮ್ಮಿ ಹೇಳ್ದಂಗೇ ಆಗ್ಲಿ" ಎಂದರು.

ಶಾಲೆಗೆ ಫೋನ್ ಮಾಡಿದರೆ, ಮನೆಯ ತಿಂಡಿ ತರಬಹುದು, ಫ್ರಿಜ್ಜಿನಲ್ಲಿ ಇಡಬೇಕಾದ್ದು ಮಾತ್ರ ಬೇಡ ಎಂದರು. ದಾರಿ ತೋರಿಸಿದವಳು ಮಗಳೇ. ಗ್ಯಾಸ್ ಸ್ಟೇಷನ್ನಿನ ಕೌಂಟರ್ ಪಕ್ಕದಲ್ಲಿ ನೇತುಹಾಕಿರುತ್ತಾರಲ್ಲ, ಬೀಫ್ ಜರ್ಕಿ, ಅದನ್ನು ಮನೆಯಲ್ಲಿ ಮಾಡೋಣ ಎಂದಳು. ಪಾಪ, ಹಲಾಲ್ ಅಲ್ಲವೆಂದು ಅಷ್ಟು ವರ್ಷ ಅದನ್ನು ಬರೀ ನೋಡಿಕೊಂಡು ಬಂದವಳು. ಜರ್ಕಿ ಎಂದರೇನೆಂದು ಅತ್ತೆಗೆ ವಿವರಿಸಿದೆ: ಮಾಂಸವನ್ನು ಉದ್ದಕ್ಕೆ ಸೀಳುವುದು, ಉಪ್ಪು ಖಾರ ಹಚ್ಚುವುದು, ಒಣಗಿಸುವುದು.

"ಇಷ್ಟೇನಾ? ಬಕ್ರೀದ್ ಆದ್ಮೇಲೆ ನಮ್ ತಾರಸಿ ಮೇಲೆ ಹಗ್ಗ ಕಟ್ಟಿ ಒಣಗ್ಸೋದು ಇನ್ನೇನು ಮತ್ತೆ? ಮದ್ವೆಯಾದ್ ವರ್ಷ ಕಾಗೆ ಓಡ್ಸೋಕೆ ನಿನ್ನ ಕೂರ್ಸಿದ್ದೆ. ನೀನು ನಿದ್ದೆ ಹೊಡ್ದೆ."

ಆ ವರ್ಷ ನಮ್ಮ ಬೀದಿಯ ಕಾಗೆಗಳು ಚೆನ್ನಾಗಿ ತಿಂದಿದ್ದವು, ನಿಜ. ನಮ್ಮತ್ತೆ ಯಾವುದನ್ನೂ ಮರೆಯುವವರಲ್ಲ.

ಶನಿವಾರ ಮಾಂಸಕ್ಕೆಂದು ಲಾಸ್ ಏಂಜಲೀಸಿಗೆ ಹೊರಟೆವು. ಸ್ಯಾನ್ ಡಿಯೇಗೊದಲ್ಲಿ ಹಲಾಲ್ ಅಂಗಡಿ ಇರಲಿಲ್ಲವೆಂದಲ್ಲ. ಇಲ್ಲಿಯ ಅಂಗಡಿಯವನು ಅತ್ತೆಯ ಸಲಾಮಿಗೆ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಉತ್ತರ ಕೊಟ್ಟಿದ್ದ, ಹಿಂದೊಮ್ಮೆ ಹೋದಾಗ ಲಾಸ್ ಏಂಜಲೀಸಿನವನು ಗೌರವದಿಂದ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ಆ ಒಂದು ಕೈಗಾಗಿ ಹೋಗುವಾಗಲೂ ಬರುವಾಗಲೂ ಫ್ರೀವೇಯ ಟ್ರಾಫಿಕ್ಕಿನಲ್ಲಿ ಕೂತೆವು. ಬರುವಾಗ ಅತ್ತೆ ಐಸ್‌ಬಾಕ್ಸನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು.

ಮಾರನೆಯ ದಿನ ಅಡುಗೆಮನೆಯ ನೆಲಕ್ಕೆ ಪೇಪರ್ ಹಾಸಿ ಅತ್ತೆ ಚೂರಿ ಹಿಡಿದು ಕೂತರು. ದಪ್ಪ ತುಂಡನ್ನು ಅಂಚಿನಿಂದ ಕೊಯ್ಯುತ್ತಾ, ಬಿಡಿಸುತ್ತಾ, ಮತ್ತೆ ಕೊಯ್ಯುತ್ತಾ ಒಂದೇ ಉದ್ದನೆಯ ಪಟ್ಟಿ ಮಾಡುತ್ತಿದ್ದರು. ನಾನು ಕೊಯ್ದದ್ದೆಲ್ಲ ತುಂಡು ತುಂಡಾಗಿ ಬಂತು. ಅದು ರಾತ್ರಿಯ ಸಾರಿಗೆ ಹೋಯಿತು. ಉಪ್ಪು, ಅರಿಶಿನ, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿಟ್ಟು, ಸೋಮವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಹಗ್ಗ ಕಟ್ಟಿದೆವು. ಕ್ಯಾಂಪಿನ ಬಸ್ಸು ಮುಂದಿನ ಸೋಮವಾರಕ್ಕೆ. ಬೇಕಾದಷ್ಟು ಟೈಮಿದೆ ಎಂದುಕೊಂಡೆ.

ಕ್ಯಾಲಿಫೋರ್ನಿಯಾ ಎಂದರೆ ವರ್ಷವಿಡೀ ಬಿಸಿಲು ಎಂದು ಫೋನಿನಲ್ಲಿ ಮೈಸೂರಿಗೆಲ್ಲ ಕೊಚ್ಚಿಕೊಂಡವಳು ನಾನೇ. ನಮ್ಮ ಮನೆ ಸಮುದ್ರದ ಹತ್ತಿರ. ಮೇ ಬಂದರೆ ಅಲ್ಲಿ ಮೋಡ ನೀರಿನ ಮೇಲಿಂದ ಎದ್ದು ಬಂದು ಮಾಳಿಗೆಯ ಮೇಲೆ ಕೂತುಬಿಡುತ್ತದೆ, ಸಂಜೆಯಾದರೂ ಏಳುವುದಿಲ್ಲ. ಸೋಮವಾರ ಸಂಜೆ ಮುಟ್ಟಿ ನೋಡಿದರೆ ಮಾಂಸ ಬೆಳಿಗ್ಗೆಗಿಂತ ಒದ್ದೆಯಾಗಿತ್ತು. ಬಿಚ್ಚಿ ಫ್ರಿಜ್ಜಿಗಿಟ್ಟೆವು. ಮಂಗಳವಾರವೂ ಅದೇ ಹಾಡು.

"ಇದೇನಾ ನಿಮ್ ಬಿಸಿಲು? ಇದಕ್ಕಾ ಅಷ್ಟೊಂದ್ ಬಡ್ಕೊಂಡಿದ್ದು ನೀನು?"

"ಓವನ್ನಲ್ಲಿ ಇಡೋಣ ಅಮ್ಮಿ, ಒಂದೇ ದಿನಕ್ಕೆ ಆಗೋಗುತ್ತೆ."

"ಬೇಯಿಸೋದೇ ಬೇರೆ, ಒಣಗಿಸೋದೇ ಬೇರೆ. ಬಿಸಿಲಿಗೇ ಒಣಗ್ಬೇಕು."

ಮಗಳು ಶಾಲೆಯಿಂದ ಬಂದವಳು ಬ್ಯಾಗ್ ಇಳಿಸುವ ಮೊದಲೇ ಬಾಲ್ಕನಿಗೆ ಹೋಗುತ್ತಿದ್ದಳು. ಒಂದು ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ಲೀಪಿಂಗ್ ಬ್ಯಾಗ್ ಆಗಲೇ ಸುತ್ತಿಟ್ಟುಕೊಂಡಿದ್ದಳು. ಅತ್ತೆಯ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಮಂಗಳವಾರ ಬೇಕೆಂದೇ ಅವರಿಗೆ ಸಕ್ಕರೆಯಿಲ್ಲದ ಟೀ ಕೊಟ್ಟೆ. ಅವರು ಎದ್ದು ಹೋಗಿ ಸಕ್ಕರೆ ಹಾಕಿಕೊಂಡು ಕುಡಿದರು.

ಆ ರಾತ್ರಿ ಊಟ ಮಾಡುತ್ತಾ ಗಂಡ ಬಾಯಿ ತಪ್ಪಿ ಒಂದು ಮಾತು ಆಡಿದರು. ಅವರ ಟೆಲಿಕಾಂ ಆಫೀಸು ಸಮುದ್ರದಿಂದ ದೂರ, ಗುಡ್ಡದ ಆಚೆ. ಅಲ್ಲಿ ಏನು ಬಿಸಿಲು ಅಂತೀರಿ, ಸಂಜೆ ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಗುತ್ತದೆ ಎಂದರು. ಅತ್ತೆ ತುತ್ತು ಅರ್ಧಕ್ಕೆ ನಿಲ್ಲಿಸಿದರು. ಗಂಡನಿಗೆ ತಾನೇನು ಹೇಳಿಬಿಟ್ಟೆನೆಂದು ಆಮೇಲೆ ಗೊತ್ತಾಯಿತು.

ಹೀಗಾಗಿ ಬುಧವಾರ ನಾನು, ಅತ್ತೆ, ಮಾಂಸ ಮೂವರೂ ಗಂಡನ ಆಫೀಸಿನ ಪಾರ್ಕಿಂಗ್ ಲಾಟಿಗೆ ಹೋದೆವು. ಕಾರಿನೊಳಗೆ ಬಾಗಿಲ ಮೇಲಿನ ಈ ಹ್ಯಾಂಡಲ್‌ನಿಂದ ಆ ಹ್ಯಾಂಡಲ್‌ಗೆ ಹಗ್ಗ ಕಟ್ಟಿ ಪಟ್ಟಿಗಳನ್ನು ತೂಗುಹಾಕಿದೆವು. ಗಾಳಿಯಾಡಲು ಗ್ಲಾಸು ಎರಡು ಬೆರಳು ಇಳಿಸಿ, ನೊಣ ಬರದಂತೆ ಸಂದಿಗೆ ನನ್ನ ಹಳೆಯ ದುಪಟ್ಟಾ ಸಿಕ್ಕಿಸಿದೆವು. "ಯಾರಾದ್ರೂ ಕೇಳಿದ್ರೆ ನನ್ ಹೆಸ್ರು ಮಾತ್ರ ಹೇಳ್ಬೇಡಿ" ಎಂದು ಗಂಡ ಬೇರೆ ಬಾಗಿಲಿನಿಂದ ಆಫೀಸಿಗೆ ಹೋದರು. ನಾವಿಬ್ಬರೂ ಪಕ್ಕದ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತೆವು. ಅತ್ತೆ ಬುರ್ಖಾದಲ್ಲಿ, ಕೈಯಲ್ಲಿ ತಸ್ಬಿಯ ಜಪಮಣಿ. ಕಾರಿನ ಹಿಂದಿನ ಗಾಜಿಗೆ ಗಂಡ ಎರಡು ವರ್ಷದ ಹಿಂದೆ ಅವಳಿ ಗೋಪುರಗಳು ಬಿದ್ದ ವಾರ ಅವಸರದಲ್ಲಿ ಅಂಟಿಸಿದ್ದ ಅಮೆರಿಕದ ಬಾವುಟದ ಸ್ಟಿಕ್ಕರ್, ಅದರ ಹಿಂದೆ ತೂಗಾಡುವ ಕೆಂಪು ಮಾಂಸ. ಆ ವರ್ಷಗಳಲ್ಲಿ ನಮ್ಮವರೆಲ್ಲ ಬೇಕಾದ್ದಕ್ಕಿಂತ ಜಾಸ್ತಿಯೇ ನಗುತ್ತಿದ್ದೆವು, ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ. ಸೆಕ್ಯುರಿಟಿಯವನು ನಮ್ಮತ್ತ ಬರುವುದು ಕಂಡಕೂಡಲೇ ನಾನು ನಗತೊಡಗಿದೆ.

ಅವನು ಕಾರನ್ನು ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಕಾರನ್ನು ನೋಡಿದ. ಕೈ ಸೊಂಟದ ವಾಕಿಟಾಕಿಯ ಮೇಲಿತ್ತು. ಒಳಗಿರುವುದು ಏನು ಎಂದು ಕೇಳಿದ.

"ಏನಪ್ಪಾ, ಏನ್ ಬೇಕು ನಿಂಗೆ? ಇದು ನನ್ ಮಗನ್ ಆಫೀಸು!" ಎಂದು ಅತ್ತೆ ಕನ್ನಡದಲ್ಲಿ ಗದರಿದರು. ನಾನು ಇನ್ನಷ್ಟು ಅಗಲವಾಗಿ ನಕ್ಕೆ.

"ಬೀಫ್ ಜರ್ಕಿ" ಎಂದೆ.

ಅವನ ಮುಖ ಅರಳಿದ್ದು ನೋಡಬೇಕಿತ್ತು. ಮನೆಯಲ್ಲೇ ಮಾಡುವುದಾ, ಟೆರಿಯಾಕಿ ಫ್ಲೇವರಾ ಎಂದು ಕೇಳಿದ. ಹೌದು ಎಂದೆ. ಟೆರಿಯಾಕಿ ಎಂದರೆ ಸಿಹಿ ಸೋಯಾ ಸಾಸೆಂದು ನನಗೆ ಆಗ ಗೊತ್ತಿರಲಿಲ್ಲ, ಅರಿಶಿನಕ್ಕೆ ಜಪಾನಿನವರು ಹಾಗನ್ನುತ್ತಾರೇನೋ ಎಂದುಕೊಂಡೆ. ಅವನು ಗಾಜಿಗೆ ಮೂಗು ತಾಗಿಸಿ ಮೂಸಿ ನೋಡಿ, ಹೆಬ್ಬೆರಳು ತೋರಿಸಿ ಹೊರಟುಹೋದ. ನನಗೆ ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. ಅದನ್ನೇ ಉರ್ದುವಿನಲ್ಲಿ ಸೂಖಾ ಗೋಷ್ತ್ ಎಂದಿದ್ದರೆ ವಾಕಿಟಾಕಿ ತೆಗೆಯುತ್ತಿದ್ದವನು ಜರ್ಕಿ ಎಂದಕೂಡಲೇ ನೆಂಟನಾಗಿಬಿಟ್ಟ.

"ಒಂದ್ ತುಂಡು ಕೊಡ್ಬೇಕಿತ್ತು ಕಣೆ ಅವನ್ಗೆ. ಬಿಸ್ಲಲ್ಲಿ ನಿಂತಿರ್ತಾನೆ ಪಾಪ" ಎಂದರು ಅತ್ತೆ.

ಶುಕ್ರವಾರಕ್ಕೆಲ್ಲ ಮಾಂಸ ಒಣಗಿ ಕಟ್ಟಿಗೆಯಾಯಿತು. ಮಗಳು ಓಡಿಬಂದು ಒಂದನ್ನು ಕಚ್ಚಿ, ದವಡೆ ಹಿಡಿದುಕೊಂಡು ಕೂತಳು. ಅಂಗಡಿಯ ಜರ್ಕಿಯನ್ನು ಹಾಗೇ ತಿನ್ನುತ್ತಾರೆ, ನಮ್ಮದನ್ನು ನೆನೆಸಿ, ಜಜ್ಜಿ, ಹುರಿದು ತಿನ್ನಬೇಕು ಎನ್ನುವುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಒಂದಿಷ್ಟೂ ಹೆದರಲಿಲ್ಲ. ಶನಿವಾರ ನೆನೆಸಿದರು. ಭಾನುವಾರ ಗಂಡನ ಸುತ್ತಿಗೆಯನ್ನು ಸೋಪು ಹಾಕಿ ತೊಳೆದು ಜಜ್ಜಿದರು, ಕೆಳಗಿನ ಮನೆಯವರು ಎರಡು ಸಲ ಬಾಗಿಲು ತಟ್ಟಿದರು. ಆಮೇಲೆ ಬೆಳ್ಳುಳ್ಳಿ, ಮೆಣಸು ಹಾಕಿ ಗರಿಗರಿಯಾಗಿ ಹುರಿದು, ಡಬ್ಬಿಗೆ ತುಂಬಿ, ಬಿಸ್ಮಿಲ್ಲಾ ಎಂದು ಮುಚ್ಚಳ ಹಾಕಿದರು. ಸೋಮವಾರ ಮಗಳು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಕೂಡ ಬೀಸಲಿಲ್ಲ, ಅಷ್ಟು ಖುಷಿ ಅವಳಿಗೆ. ಅತ್ತೆ ಶಾಲೆಯ ಪಾರ್ಕಿಂಗಿನಲ್ಲೇ ನಿಂತು ಅತ್ತರು, ನಾನೂ ಅತ್ತೆ.

ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಅವಳನ್ನು ಕರೆತರಲು ಹೋದೆವು. ಕೆಸರು, ಹೊಗೆಯ ವಾಸನೆ, ಸುಟ್ಟ ಮೂಗು. ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಹತ್ತಿ ಕೂತವಳು ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಅತ್ತೆ ತೆರೆದು ನೋಡಿದರು, ಒಂದು ಚೂರೂ ಉಳಿದಿರಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳತೊಡಗಿದಳು. ಕ್ಯಾಬಿನ್ನಿನ ಹುಡುಗಿಯರೆಲ್ಲ ಮುಗಿಬಿದ್ದರಂತೆ, ಎರಡನೇ ದಿನಕ್ಕೇ ಖಾಲಿಯಂತೆ, ಆಮೇಲೆ ಅವಳು ಬ್ರೆಡ್ಡು ಹಣ್ಣು ತಿಂದುಕೊಂಡೇ ಬೆಟ್ಟ ಹತ್ತಿದಳಂತೆ. ಎಲ್ಲಿಂದ ತಂದದ್ದು ಎಂದು ಎಲ್ಲರೂ ಕೇಳಿದರಂತೆ. ಲಾಸ್ ಏಂಜಲೀಸಿನ ಒಂದು ದುಬಾರಿ ಅಂಗಡಿಯಲ್ಲಿ ಕೊಂಡದ್ದು ಎಂದಳಂತೆ.

ನಾನು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡೆ.

"ಲಾಸ್ ಏಂಜಲೀಸ್ ಅಂದ್ಲಲ್ಲ, ಏನದು?" ಎಂದರು ಅತ್ತೆ.

"ಮಾಂಸ ಅಲ್ಲಿಂದ ತಂದಿದ್ದು ಅಂತ ಹೇಳಿದ್ಲಂತೆ ಅಮ್ಮಿ. ಎಲ್ರಿಗೂ ತುಂಬಾ ಇಷ್ಟ ಆಯ್ತಂತೆ."

"ಮಾಡಿದ್ ಯಾರು ಅಂತ ಕೇಳ್ಲಿಲ್ವಾ ಯಾರೂ?"

ನಾನು ಕಣ್ಣೆತ್ತಿದೆ. ಕನ್ನಡಿಯಲ್ಲಿ ಮಗಳ ಮುಖ ಕಾಣುತ್ತಿತ್ತು. ಅತ್ತೆ ಕೇಳಿದ್ದು ಅವಳಿಗೆ ಅರ್ಥವಾಗಿತ್ತು. ಅವಳು ಖಾಲಿ ಡಬ್ಬಿ ಹಿಡಿದಿದ್ದ ಅಜ್ಜಿಯ ಕೈಯನ್ನು ನೋಡಿದಳು.

"ನಮ್ಮ ದಾದಿ ಮಾಡಿದ್ದು ಅಂತ ಹೇಳಿದೆ" ಎಂದಳು, ಕನ್ನಡದಲ್ಲಿ.

ಅತ್ತೆ ಅವಳ ಕೆಸರು ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟರು. "ಕೇಳ್ದೇನೇ? ಎಷ್ಟ್ ಚೆನ್ನಾಗ್ ಕನ್ನಡ ಮಾತಾಡ್ತಾಳೆ ನನ್ ಕೂಸು!" ಎಂದರು. ಅದು ಅವಳು ಅಜ್ಜಿಗೆ ಹೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ, ಮತ್ತು ಅದು ಸುಳ್ಳು. ಒಂದು ತಪ್ಪೂ ಇಲ್ಲದೆ ಹೇಳಿದ್ದಳು.